ಗದ್ದಲದೊಳಗಿನ ಚುಕ್ಕಿಗಳು

ಕೇಳುಗರಿಗೆ ನಮಸ್ಕಾರ. ತುಮಕೂರು, ಮಧುಗಿರಿ, ಕೊರಟಗೆರೆ ಕಡೆಯ ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿಗಳು ಕೇಳುತ್ತಿದ್ದೀರಿ ಎಂದುಕೊಂಡೇ ಮಾತಾಡುತ್ತೇನೆ. ಎಲ್ಲಿಂದಲೋ ಒಂದು ಡಿಜಿಟಲ್ ಸಂಕೇತ ಬರುತ್ತಿದೆ, ಮೈತುಂಬ ಗದ್ದಲ. ಅದರ ಮಾಡ್ಯುಲೇಷನ್, ಅಂದರೆ ಮಾಹಿತಿಯನ್ನು ಅಲೆಯ ಮೇಲೆ ಹೇರಿದ ಬಗೆ, ಯಾವುದು? ನನ್ನ ಉತ್ತರ ಇಷ್ಟೇ: ಒಂದು ಚುಕ್ಕಿಯನ್ನು ನಂಬಬೇಡಿ, ಗುಂಪನ್ನು ನೋಡಿ.

ಅಲೆಯ ಎತ್ತರವನ್ನೂ ಪ್ರಾವಸ್ಥೆಯನ್ನೂ (ಫೇಸ್, ಅಲೆ ತನ್ನ ಸುತ್ತಿನಲ್ಲಿ ಎಲ್ಲಿದೆ ಎಂಬುದನ್ನು) ಅಳೆದಂತೆಲ್ಲ ಕಾಗದದ ಮೇಲೊಂದು ಚುಕ್ಕಿ ಇಡುತ್ತಾ ಹೋಗಿ: ಎತ್ತರವೇ ನಡುವಿನಿಂದ ದೂರ, ಪ್ರಾವಸ್ಥೆಯೇ ಕೋನ. ಪ್ರಾವಸ್ಥೆ ಎರಡೇ ಬಗೆಯಾಗುವ ಬಿಪಿಎಸ್‌ಕೆ ಆದರೆ ಚುಕ್ಕಿಗಳು 2 ಕಡೆ ಸೇರುತ್ತವೆ, ನಾಲ್ಕು ಬಗೆಯಾಗುವ ಕ್ಯುಪಿಎಸ್‌ಕೆ ಆದರೆ 4 ಕಡೆ. ಎತ್ತರ, ಪ್ರಾವಸ್ಥೆ ಎರಡೂ ಬದಲಾಗುವ 16 ಕ್ಯಾಮ್ (ಕ್ಯುಎಎಂ) ಆದರೆ ನಾಲ್ಕು ಸಾಲು, ಸಾಲಿಗೆ ನಾಲ್ಕು. ಅಂಗಳದ ಚುಕ್ಕಿ ರಂಗೋಲಿಯೇ ಸರಿ. ಗದ್ದಲವೆಂದರೆ ಆ ರಂಗೋಲಿಯ ಮೇಲೆ ಬೀಸುವ ಗಾಳಿ.

ನಮ್ಮ ಪ್ರಯೋಗಾಲಯದಲ್ಲಿ ಒಮ್ಮೆ ಕೊರಟಗೆರೆ ಕಡೆಯ ವಿದ್ಯಾರ್ಥಿನಿಯೊಬ್ಬಳಿಗೆ ಹೆಸರು ಹೇಳದೆ ಒಂದು ಸಂಕೇತ ಕೊಟ್ಟೆ. 60 ಚುಕ್ಕಿ ಇಟ್ಟು, "ಸರ್, ರಾಗಿ ಚೆಲ್ಲಿದ ಹಾಗಿದೆ" ಎಂದಳು. ಇನ್ನಷ್ಟು ಇಡಮ್ಮ ಎಂದೆ. 5000 ಆಗುವಷ್ಟರಲ್ಲಿ ಪರದೆಯ ಮೇಲೆ ದಪ್ಪನೆಯ ಬಳೆಯೊಂದು ಮೂಡಿತು. ಪಕ್ಕದ ಹುಡುಗರಿಬ್ಬರು, "ಎತ್ತರ ಬದಲಾಗುತ್ತಿಲ್ಲ, ಎಫ್‌ಎಸ್‌ಕೆ" ಎಂದು ತೀರ್ಪು ಕೊಟ್ಟೇಬಿಟ್ಟರು; ಎತ್ತರ ಹಾಗೇ ಇಟ್ಟು ಆವರ್ತನವನ್ನು ಬದಲಿಸುವ ಬಗೆ ಅದು. ಈ ಅವಸರವೇ ನನಗೆ ಆಗದು! ಅವಳು ಮಾತಾಡಲಿಲ್ಲ. ಬಳೆ ಒಂದೇ ಇದೆಯೇ, ಮೂರಿವೆಯೇ ಎಂದು ಮೊದಲು ನೋಡಿದಳು. 16 ಕ್ಯಾಮ್‌ನಲ್ಲಿ ಎತ್ತರಗಳು ಮೂರು, ಹಾಗಾಗಿ ಅದು ಸುತ್ತಿದರೆ ಮೂರು ಬಳೆ. ಇಲ್ಲಿದ್ದದ್ದು ಒಂದೇ. ಆಮೇಲೆ ರಿಸೀವರ್‌ನ ಆವರ್ತನವನ್ನು ಒಂದೊಂದೇ ಹರ್ಟ್ಸ್ ಸರಿಸುತ್ತಾ ಹೋದಳು. ಸುತ್ತುತ್ತಿದ್ದ ಬಳೆ ನಿಧಾನಿಸಿತು, ಅಲ್ಲಲ್ಲಿ ತೆಳುವಾಯಿತು, ಕೊನೆಗೆ ನಾಲ್ಕು ಗುಡ್ಡೆಯಾಗಿ ನಿಂತಿತು. ಕ್ಯುಪಿಎಸ್‌ಕೆ! ಆವರ್ತನ ಹೊಂದದ್ದರಿಂದ ನಾಲ್ಕು ಚುಕ್ಕಿ ತಿರುಗಿ ಬಳೆಯಾಗಿ ಕಂಡಿತ್ತು, ಅಷ್ಟೇ. ಆ ಹುಡುಗಿಯ ತಾಳ್ಮೆಯನ್ನು ನಾನು ಇಂದಿಗೂ ಪ್ರತಿ ತರಗತಿಯಲ್ಲೂ ನೆನೆಯುತ್ತೇನೆ.

ಅಯ್ಯೋ, ಸಮಯ ಕಡಿಮೆ ಉಳಿದಿದೆ. ಎಷ್ಟು ಸರಿಸಿದರೂ ಬಳೆ ಒಡೆಯದಿದ್ದರೆ ಆಗ ಎಫ್‌ಎಸ್‌ಕೆ ಎಂದು ಶಂಕಿಸಿ. ಆವರ್ತನ ಕೈಗೆ ಸಿಗದಿದ್ದರೆ ಸಂಕೇತವನ್ನು ವರ್ಗ ಮಾಡಿ, ಅಂದರೆ ಅದನ್ನು ಅದರಿಂದಲೇ ಗುಣಿಸಿ, ಅದರಲ್ಲಿ ಯಾವ ಆವರ್ತನಗಳಿವೆ ಎಂದು ನೋಡಿ: ಬಿಪಿಎಸ್‌ಕೆ ಆದರೆ ವಾಹಕ ಆವರ್ತನದ (ಮಾಹಿತಿ ಹೊತ್ತ ಅಲೆಯ ಆವರ್ತನದ) ಎರಡರಷ್ಟರಲ್ಲಿ ಚೂಪಾದ ಗೆರೆ ಏಳುತ್ತದೆ. ಕ್ಯುಪಿಎಸ್‌ಕೆ ಆದರೆ ನಾಲ್ಕನೆಯ ಘಾತಕ್ಕೆ ಏರಿಸಬೇಕು, ಗೆರೆ ನಾಲ್ಕರಷ್ಟರಲ್ಲಿ. ಅಲ್ಲಿಯೂ 60 ಚುಕ್ಕಿ ಸಾಲದು, ಸಾವಿರಗಟ್ಟಲೆ ಬೇಕು. ನಾಳೆಯೇ ಪ್ರಯೋಗಾಲಯದಲ್ಲಿ ಕೂತು ಇಟ್ಟು ನೋಡಿ. ನಮಸ್ಕಾರ.