ಟೀ ಶರ್ಟ್ ಒಬ್ಬರದು, ಅಂಗಡಿ ಇನ್ನೊಬ್ಬರದು

ಕೇಳುಗರೆಲ್ಲರಿಗೂ ನಮಸ್ಕಾರ. ಟಿವಿನೋ ಫೋನೋ ತಗೊಳ್ಳೋಣ ಅಂತ ನೀವು ಶೋರೂಮಿಗೆ ಹೋದಾಗ, ಒಂದು ಕಂಪನಿ ಹೆಸರಿರೋ ಟೀ ಶರ್ಟ್ ಹಾಕ್ಕೊಂಡು ಒಬ್ರು ಹತ್ರ ಬಂದು ಏನ್ ನೋಡ್ತಿದೀರ ಅಂತ ಕೇಳ್ತಾರಲ್ಲ, ಅವರು ಆ ಅಂಗಡಿಯವರಲ್ಲ. ಬಹಳ ಜನಕ್ಕೆ ಇದು ಗೊತ್ತೇ ಇರಲ್ಲ. ಅವರನ್ನ ಪ್ರಮೋಟರ್ ಅಂತಾರೆ, ಬ್ರ್ಯಾಂಡ್ ರೆಪ್ ಅಂತಾನೂ ಅಂತಾರೆ. ನಾನೂ ಆ ಕೆಲಸದಲ್ಲೇ ಇದ್ದೆ, ಅದಕ್ಕೇ ಇವತ್ತು ಅವರ ಬಗ್ಗೆ ಮಾತಾಡ್ಬೇಕು ಅನ್ನಿಸ್ತು.

ಟೀ ಶರ್ಟ್ ಕಂಪನಿದು, ನಿಂತಿರೋ ಜಾಗ ಅಂಗಡಿಯವರದು, ಸಂಬಳ ಎಷ್ಟೋ ಸಲ ಇವರಿಬ್ಬರದೂ ಅಲ್ಲ, ಆಳು ಒದಗಿಸೋ ಏಜೆನ್ಸಿ ಅಂತ ಮೂರನೇಯವರು ಕೊಡೋದು. ರಜೆ ಬೇಕು ಅಂದ್ರೆ ಯಾರನ್ನ ಕೇಳ್ಬೇಕು? ಕಂಪನಿ ಸೂಪರ್‌ವೈಸರ್ ನಮ್ಮ ಕೌಂಟರ್ ಬಿಟ್ಟು ಅಲ್ಲಾಡಬೇಡ ಅಂತಾರೆ, ಸ್ಟೋರ್ ಮ್ಯಾನೇಜರ್ ಬಂದು ಲೋಡ್ ಇಳೀತಿದೆ ಒಂದು ಕೈ ಹಾಕು ಅಂತಾರೆ, ಇಬ್ಬರಿಗೂ ಆಗಲ್ಲ ಅನ್ನೋ ಹಾಗಿಲ್ಲ, ಯಾಕಂದ್ರೆ ಈ ಹುಡುಗ ಬೇಡ ಅಂತ ಸ್ಟೋರ್‌ನವರು ಒಂದು ಮೆಸೇಜ್ ಹಾಕಿದ್ರೆ ನಾಳೆ ಬೇರೆ ಮುಖ ಬಂದು ಅಲ್ಲಿ ನಿಂತಿರುತ್ತೆ. ಬೆಳಿಗ್ಗೆ ಆ್ಯಪ್‌ನಲ್ಲಿ ಸೆಲ್ಫಿ ತೆಗೆದು ಹಾಜರಿ, ರಾತ್ರಿ ಯಾವ ಮಾಡೆಲ್ ಎಷ್ಟು ಹೋಯ್ತು, ಸ್ಟಾಕ್ ಎಷ್ಟಿದೆ, ಎದುರು ಕಂಪನಿಯವರು ಏನು ಆಫರ್ ಹಾಕಿದ್ದಾರೆ ಅಂತ ಫೋಟೋ ಸಮೇತ ರಿಪೋರ್ಟ್.

ಇನ್ನು ಟಾರ್ಗೆಟ್. ಕಂಪನಿ ಅಂಗಡಿಗೆ ಮಾರಿದ್ದು ಸೆಲ್ ಇನ್, ಅಂಗಡಿಯಿಂದ ಗಿರಾಕಿ ಮನೆಗೆ ಹೋಗಿದ್ದು ಸೆಲ್ ಔಟ್, ನಮ್ಮನ್ನ ಅಳೆಯೋದು ಈ ಸೆಲ್ ಔಟ್‌ನಲ್ಲಿ. ನ್ಯಾಯವೇ ಅನ್ನಿ. ಆದ್ರೆ ಗಿರಾಕಿ ಕೇಳಿದ ಮಾಡೆಲ್ ಡಿಸ್‌ಪ್ಲೇ ಪೀಸ್ ಬಿಟ್ರೆ ಗೋಡೌನ್‌ನಲ್ಲೇ ಇರಲ್ಲ, ನಮ್ಮ ಶೆಲ್ಫ್ ಕಂಬದ ಹಿಂದೆ ಇರುತ್ತೆ, ಕಣ್ಣಿನ ಮಟ್ಟದ ಜಾಗ ಇನ್ನೊಂದು ಬ್ರ್ಯಾಂಡ್‌ಗೆ ಹೋಗಿರುತ್ತೆ, ಇದ್ಯಾವುದೂ ಪ್ರಮೋಟರ್ ಕೈಯಲ್ಲಿಲ್ಲ, ಟಾರ್ಗೆಟ್ ಮಾತ್ರ ಅಷ್ಟೇ ಇರುತ್ತೆ. ಇನ್ಸೆಂಟಿವ್‌ನಲ್ಲಿ ಸ್ಲ್ಯಾಬ್, ಅಂದ್ರೆ ಇಷ್ಟು ಪೀಸ್ ಮಾರಿದ್ರೆ ಇಷ್ಟು ದುಡ್ಡು ಅನ್ನೋ ಹಂತ ಇದ್ರೆ ಇನ್ನೂ ಕಷ್ಟ, ಒಂದೇ ಒಂದು ಪೀಸ್ ಕಮ್ಮಿ ಆದ್ರೂ ಆ ಸ್ಲ್ಯಾಬ್‌ನ ದುಡ್ಡು ಕೈಬಿಟ್ಟು ಹೋಗುತ್ತೆ. ತಿಂಗಳ ಕೊನೇ ವಾರ ಪ್ರಮೋಟರ್ ಸ್ವಲ್ಪ ಜಾಸ್ತಿ ಬೆನ್ನು ಹತ್ತಿದ ಹಾಗೆ ನಿಮಗೆ ಅನ್ನಿಸಿದ್ರೆ ಕಾರಣ ಇದು.

ಹಾಗಂತ ಬರೀ ಕಷ್ಟಾನೇ ಅಲ್ಲ, ಈ ಕೆಲಸದಲ್ಲಿ ನನಗೆ ತುಂಬಾ ಖುಷಿ ಸಿಕ್ಕಿದೆ. ಒಂದು ವಸ್ತುನ ಒಳಗೂ ಹೊರಗೂ ತಿಳ್ಕೊಂಡು ಏನೂ ಗೊತ್ತಿಲ್ಲದವರಿಗೆ ಅರ್ಥ ಆಗೋ ಹಾಗೆ ಹೇಳೋದಿದೆಯಲ್ಲ, ಅದು ಒಂದು ವಿದ್ಯೆ. ಶೀನಾ ಅಯ್ಯಂಗಾರ್ ಮತ್ತೆ ಮಾರ್ಕ್ ಲೆಪ್ಪರ್ ಅನ್ನೋ ಸಂಶೋಧಕರು 2000ದಲ್ಲಿ ಒಂದು ಪ್ರಯೋಗ ಪ್ರಕಟಿಸಿದ್ರು. ಅಂಗಡಿ ಒಳಗೇ ಜಾಮ್ ರುಚಿ ತೋರಿಸೋ ಟೇಬಲ್ ಹಾಕಿ, ಒಂದು ಸಲ 24 ಥರ, ಇನ್ನೊಂದು ಸಲ 6 ಥರ ಇಟ್ರಂತೆ. 24 ಇಟ್ಟಾಗ ಜಾಸ್ತಿ ಜನ ನಿಂತರು, ಆದ್ರೆ ನಿಂತವರಲ್ಲಿ ಕೊಂಡಿದ್ದು ನೂರಕ್ಕೆ ಸುಮಾರು 3 ಜನ, 6 ಇಟ್ಟಾಗ ಸುಮಾರು 30. ಆಮೇಲೆ ಬೇರೆಯವರು ಮಾಡಿದ ಪ್ರಯೋಗಗಳಲ್ಲಿ ಎಲ್ಲಾ ಸಲ ಹಾಗೇ ಬರಲಿಲ್ಲ, ಆದ್ರೂ ಒಳ್ಳೆ ಪ್ರಮೋಟರ್ ಇದನ್ನ ಓದದೇನೇ ಮಾಡ್ತಾರೆ, ವಾಷಿಂಗ್ ಮೆಷಿನ್ ಕೇಳ್ಕೊಂಡು ಬಂದ್ರೆ ಮೊದಲು ಮನೇಲಿ ಎಷ್ಟು ಜನ, ನೀರು ಹೇಗೆ ಬರುತ್ತೆ ಅಂತೆಲ್ಲ ಕೇಳಿ, ಎರಡೋ ಮೂರೋ ಮಾಡೆಲ್ ಅಷ್ಟೇ ಮುಂದಿಡ್ತಾರೆ. ಸುಮ್ನೆ ನೋಡ್ತಿದೀನಿ ಅಂದವರನ್ನ ಅವರ ಪಾಡಿಗೆ ಬಿಡೋದೂ ಅದೇ ವಿದ್ಯೆನೇ.

ಒಂದು ಸಲ ವಯಸ್ಸಾದ ದಂಪತಿ ವಾಷಿಂಗ್ ಮೆಷಿನ್ ನೋಡೋಕೆ ಬಂದಿದ್ರು, ಇಬ್ಬರಿಗೂ ಮಂಡಿನೋವು. ನನ್ನ ಹತ್ರ ಇದ್ದಿದ್ದು ಫ್ರಂಟ್ ಲೋಡ್ ಮಾತ್ರ. ಅದು ನೀರು ಕಮ್ಮಿ ತಗೊಳ್ಳುತ್ತೆ, ಬಟ್ಟೆ ಚೆನ್ನಾಗಿ ಒಗೆಯುತ್ತೆ, ಎಲ್ಲಾ ನಿಜ, ಆದ್ರೆ ಬಾಗಿಲು ಕೆಳಗಿರುತ್ತೆ, ದಿನಾ ಬಗ್ಗಬೇಕು. ನಿಮಗೆ ಮೇಲಿಂದ ಬಟ್ಟೆ ಹಾಕೋ ಟಾಪ್ ಲೋಡೇ ಸರಿ ಅಂತ ಪಕ್ಕದ ಕೌಂಟರ್‌ಗೆ ಕಳಿಸ್ದೆ. ಸೂಪರ್‌ವೈಸರ್‌ಗೆ ಸಿಟ್ಟು ಬಂತು. ಆ ದಂಪತಿ ಮತ್ತೆ ನನ್ನ ಹತ್ರ ಏನೂ ಕೊಳ್ಳೋಕೆ ಬರಲೂ ಇಲ್ಲ. ಇವತ್ತು ಅವರು ಎದುರಿಗೆ ಬಂದ್ರೂ ನಾನು ಅದನ್ನೇ ಹೇಳ್ತೀನಿ. ಟಾರ್ಗೆಟ್ ಶೀಟ್‌ನಲ್ಲಿ ಇದಕ್ಕೆ ಕಾಲಂ ಇಲ್ಲ, ಇರಬೇಕಿತ್ತು.

ಪಕ್ಕದ ಕೌಂಟರ್ ಅಂದೆ ನೋಡಿ, ಅವರು ಲೆಕ್ಕದಲ್ಲಿ ನಮ್ಮ ಎದುರಾಳಿ. ಆದ್ರೆ ನಾವು ಊಟಕ್ಕೆ ಹೋದ್ರೆ ನಮ್ಮ ಕೌಂಟರ್ ನೋಡ್ಕೊಳ್ಳೋರು ಅವರೇ, ಹೊಸಬರಿಗೆ ಡೆಮೋ ಹೇಳ್ಕೊಡೋರೂ ಅವರೇ.

ಈಗ ಕಾಲಿನ ವಿಷಯ, ಇದನ್ನ ಹೇಳಲೇಬೇಕು. ದಿನವಿಡೀ ನಿಂತೇ ಇರೋದರಿಂದ ಹಿಮ್ಮಡಿ ಉರಿ, ಕಾಲು ಊತ, ಸೊಂಟ ನೋವು, ಕೆಲವರಿಗೆ ಮೀನಖಂಡದಲ್ಲಿ ನರ ಉಬ್ಬೋದು, ಇವೆಲ್ಲ ಈ ಕೆಲಸದವರಿಗೆ ಚೆನ್ನಾಗಿ ಗೊತ್ತು. ಗಿರಾಕಿ ಇಲ್ಲದಾಗ ಕೂತ್ರೂ ಸೋಮಾರಿ ಅಂತಾರೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1964ರಲ್ಲೇ ಅಂಗಡಿ, ಆಫೀಸುಗಳ ನೈರ್ಮಲ್ಯಕ್ಕೆ ಅಂತ ಮಾಡಿದ 120ನೇ ಒಡಂಬಡಿಕೆಯಲ್ಲಿ ಕೆಲಸಗಾರರಿಗೆ ಸಾಕಷ್ಟು ಆಸನ ಇರಬೇಕು, ಕೂರೋಕೆ ಅವಕಾಶಾನೂ ಕೊಡಬೇಕು ಅಂತ ಬರೆದಿದೆ. ಒಂದು ಸ್ಟೂಲ್ ಇಟ್ರೆ ಯಾವ ಶೋರೂಮ್ ಅಂದವೂ ಕೆಡಲ್ಲ. ಸ್ಟೋರ್ ನಡೆಸೋರು ಯಾರಾದ್ರೂ ಕೇಳ್ತಿದ್ರೆ ದಯವಿಟ್ಟು ಇದೊಂದು ಮಾಡಿ.

ಈ ಕೆಲಸಕ್ಕೆ ಸೇರೋ ಹುಡುಗ ಹುಡುಗಿಯರಿಗೆ ನಾನು ಹೇಳೋದು ಇಷ್ಟು, ನಿಮ್ಮ ಆಫರ್ ಲೆಟರ್ ಯಾರ ಹೆಸರಲ್ಲಿದೆ ನೋಡ್ಕೊಳ್ಳಿ, ಇನ್ಸೆಂಟಿವ್ ಸ್ಲ್ಯಾಬ್ ಬಾಯಿಮಾತಲ್ಲಿ ಒಪ್ಪಬೇಡಿ, ಬರಹದಲ್ಲಿ ಕೇಳಿ, ನೀವು ಮಾರಿದ ಬಿಲ್ ನಂಬರ್‌ಗಳನ್ನ ನಿಮ್ಮದೇ ಒಂದು ಪುಸ್ತಕದಲ್ಲಿ ಬರ್ಕೊಳ್ಳಿ, ತಿಂಗಳ ಕೊನೆಗೆ ಲೆಕ್ಕ ತಪ್ಪಿದಾಗ ನಿಮ್ಮ ಪರ ಮಾತಾಡೋದು ಅದೊಂದೇ. ಮತ್ತೆ ಮೆತ್ತನೆ ಅಟ್ಟೆ ಇರೋ ಶೂ ತಗೊಳ್ಳಿ, ಮೊದಲನೇ ಸಂಬಳದಲ್ಲೇ.

ನಮಸ್ಕಾರ.