ಆಟಿಸಂ ಇರುವ ಕಲಾವಿದರು: ಚಿತ್ರ ಬಿಡಿಸಿದ ಮೇಲಿನ ಕೆಲಸ

[ತೆರೆಯ ಮೇಲೆ: ಬಿಳಿ ಕಾಗದದ ಮೇಲೆ ಕಪ್ಪು ಪೆನ್ನಿನ ನಗರದೃಶ್ಯ]

ಆಟಿಸಂ ಇರುವ ಕಲಾವಿದ ಅಂದ ತಕ್ಷಣ ಸ್ಟೀಫನ್ ವಿಲ್ಟ್‌ಶೈರ್ ಹೆಸರು ಬರುತ್ತೆ. 1974ರಲ್ಲಿ ಲಂಡನ್‌ನಲ್ಲಿ ಹುಟ್ಟಿದವರು. 2005ರಲ್ಲಿ ಟೋಕಿಯೋ ನಗರವನ್ನು ಹೆಲಿಕಾಪ್ಟರ್‌ನಿಂದ ನೋಡಿ ಬಂದು, 10 ಮೀಟರ್ ಕ್ಯಾನ್ವಾಸ್ ಮೇಲೆ ನೆನಪಿನಿಂದಲೇ ಬಿಡಿಸಿದರು. ಎಲ್ಲರೂ ಕಣ್ಣರಳಿಸಿ ಹೇಳೋದು ಈ ಕಥೆ. ಆದರೆ ಅವರು ಸಿಟಿ ಅಂಡ್ ಗಿಲ್ಡ್ಸ್ ಆಫ್ ಲಂಡನ್ ಆರ್ಟ್ ಸ್ಕೂಲ್‌ನಲ್ಲಿ ಕಲಿತದ್ದು, ಸೋದರಿ ವ್ಯವಹಾರಕ್ಕೆ ಜೊತೆಯಾಗಿ ನಿಂತದ್ದು, 2006ರಲ್ಲಿ ಲಂಡನ್ನಿನ ಪಾಲ್ ಮಾಲ್ ರಸ್ತೆ ಹತ್ತಿರ ರಾಯಲ್ ಒಪೇರಾ ಆರ್ಕೇಡ್‌ನಲ್ಲಿ ಸ್ವಂತ ಗ್ಯಾಲರಿ ತೆರೆದದ್ದನ್ನು ಯಾರೂ ಹೇಳಲ್ಲ. ಆಟಿಸಂ ಇರುವ ಹೆಚ್ಚಿನವರಿಗೆ ಅಂಥ ನೆನಪಿನ ಶಕ್ತಿ ಇರಲ್ಲ, ಇರಬೇಕಾಗಿಯೂ ಇಲ್ಲ. ಈ ವಿಡಿಯೋ ಯಾರೂ ಹೇಳದ ಆ ಭಾಗದ ಬಗ್ಗೆ.

[ತೆರೆಯ ಮೇಲೆ: ಬೆಲೆ ಲೆಕ್ಕ]

ಮೊದಲು ಬೆಲೆ. ಗಂಟೆ ಲೆಕ್ಕದಲ್ಲಿ ಬೆಲೆ ಕಟ್ಟಿದರೆ ತೊಂದರೆ ಇದೆ. ಒಂದೇ ಮೂಲೆಯ ಎಲೆಗಳನ್ನು ಮೂರು ದಿನ ಬಿಡಿಸುವವರಿಗೆ ಗಂಟೆಯ ಲೆಕ್ಕ ಕೈಗೆ ಸಿಗಲ್ಲ. ಗಿರಾಕಿಗೂ ಅದು ಅರ್ಥವಾಗಲ್ಲ. ಚದರ ಇಂಚಿನ ಲೆಕ್ಕ ಸುಲಭ. ಇಂಚಿಗೆ ₹20 ಅಂತ ಇಟ್ಟುಕೊಳ್ಳಿ: 12ಕ್ಕೆ 16 ಇಂಚಿನ ಚಿತ್ರ ಅಂದರೆ 192 ಚದರ ಇಂಚು, ₹3,840. ಫ್ರೇಮಿನ ಖರ್ಚು ಬೇರೆ. ದರಪಟ್ಟಿ ಗೋಡೆ ಮೇಲೆ ಇದ್ದರೆ ಚೌಕಾಸಿಗೆ ಬಾಯಿ ತೆರೆಯಬೇಕಾಗಿಲ್ಲ, "ದರ ಇದು" ಅಂತ ಬೆರಳು ತೋರಿಸಿದರೆ ಸಾಕು. ಮಾತು ಕಡಿಮೆ ಇರುವವರಿಗೆ ಇದೇ ದೊಡ್ಡ ಅನುಕೂಲ.

ಗ್ಯಾಲರಿಯ ಕಮಿಷನ್ ಬಂದಾಗ ಹೆಚ್ಚಿನವರು ಎಡವುತ್ತಾರೆ. ನಿಮ್ಮ ಕೈಗೆ ₹3,840 ಬರಬೇಕು, ಗ್ಯಾಲರಿ 40% ತಗೊಳ್ಳುತ್ತೆ ಅಂದುಕೊಳ್ಳಿ. 3,840ಕ್ಕೆ 40% ಸೇರಿಸಿದರೆ 5,376. ಅದರಲ್ಲಿ ಗ್ಯಾಲರಿ ಪಾಲು ಕಳೆದರೆ ಉಳಿಯೋದು ಸುಮಾರು 3,226 ಮಾತ್ರ! ಸೇರಿಸಬಾರದು, 0.6ರಿಂದ ಭಾಗಿಸಬೇಕು: ₹6,400. ಮನೆಯಿಂದ ಮಾರಿದರೂ ಇದೇ ಬೆಲೆ ಇರಲಿ. ಇಲ್ಲದಿದ್ದರೆ ಗ್ಯಾಲರಿಯವರು ಮುಂದಿನ ಸಲ ಕರೆಯಲ್ಲ.

ಮೂಲಚಿತ್ರ ಮಾರಿ ಕೊಡುವ ಮೊದಲು ಸ್ಕ್ಯಾನ್ ಮಾಡಿಟ್ಟುಕೊಳ್ಳಿ. A3 ಪ್ರಿಂಟ್ 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕಿ) ಬರಬೇಕಾದರೆ ಫೈಲ್ 3508ಕ್ಕೆ 4961 ಪಿಕ್ಸೆಲ್ ಇರಬೇಕು. ಮನೆಯ A4 ಸ್ಕ್ಯಾನರ್‌ನಲ್ಲಾದರೆ ಮೂರು-ನಾಲ್ಕು ಭಾಗ ಮಾಡಿ, ಪಕ್ಕಪಕ್ಕದ ಭಾಗಗಳ ನಡುವೆ 2-3 ಸೆಂ.ಮೀ. ಎರಡರಲ್ಲೂ ಬರುವಂತೆ ಸ್ಕ್ಯಾನ್ ಮಾಡಿ ಜೋಡಿಸಿ. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದ ಫೈಲ್ ಕುಗ್ಗಿಹೋಗುತ್ತೆ, ಅದನ್ನು ಪ್ರೆಸ್‌ಗೆ ಕೊಡಬೇಡಿ.

[ತೆರೆಯ ಮೇಲೆ: ಆರ್ಡರ್ ಫಾರಂ]

ಯಾರಾದರೂ ಹೇಳಿ ಬರೆಸುವ ಚಿತ್ರಕ್ಕೆ ಒಂದು ಪುಟದ ಫಾರಂ ಇರಲಿ. ಅಳತೆ, ವಿಷಯ, ಬಣ್ಣಗಳ ಮಾದರಿ, 50% ಮುಂಗಡ, ಕೊಡುವ ತಾರೀಖು. ಎರಡು ಕರಡು ತೋರಿಸುತ್ತೇವೆ, ತಿದ್ದುಪಡಿ ಒಂದೇ ಸಲ, ಅದೂ ಕರಡಿನ ಹಂತದಲ್ಲಿ. "ಸ್ವಲ್ಪ ಬ್ರೈಟ್ ಮಾಡಿ" ಅನ್ನೋ ಮಾತು ಇಲ್ಲಿ ನಡೆಯಲ್ಲ. ಎಷ್ಟು, ಎಲ್ಲಿ ಅಂತ ಗೊತ್ತಾಗದೆ ಕಲಾವಿದರು ಮುಗಿದ ಚಿತ್ರವನ್ನೇ ಮೊದಲಿನಿಂದ ಶುರು ಮಾಡಿಬಿಡಬಹುದು. ಯಾವ ಭಾಗಕ್ಕೆ ಯಾವ ಬಣ್ಣ ಅಂತ ಗಿರಾಕಿಯೇ ಬರೆದುಕೊಡಲಿ.

ಅದೇ ಫಾರಂನಲ್ಲಿ ಹಕ್ಕುಸ್ವಾಮ್ಯದ ಒಂದು ಸಾಲು ಕಡ್ಡಾಯ. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ನೀವೇ ಬಿಡಿಸಿಟ್ಟ ಚಿತ್ರ ಮಾರಿದರೆ ಹಕ್ಕು ನಿಮ್ಮಲ್ಲೇ ಉಳಿಯುತ್ತೆ. ಹಣ ಕೊಟ್ಟು ಹೇಳಿ ಬರೆಸಿದ ಚಿತ್ರದ ವಿಷಯ ಬೇರೆ. ಬೇರೆ ಒಪ್ಪಂದ ಇಲ್ಲದಿದ್ದರೆ ಹಕ್ಕು ಬರೆಸಿದವರಿಗೇ ಹೋಗುತ್ತೆ. ಆಮೇಲೆ ಅವರು ಅದನ್ನು ಕ್ಯಾಲೆಂಡರ್ ಮಾಡಿ ಹಂಚಿದರೆ ಕೇಳೋ ಹಾಗಿಲ್ಲ. "ಕಾಪಿರೈಟ್ ಕಲಾವಿದರದ್ದು" ಅಂತ ಬರೆದು ಇಬ್ಬರೂ ಸಹಿ ಹಾಕಿ.

ಹಣ ಬರೋದು ಕಲಾವಿದರ ಹೆಸರಿನ ಖಾತೆಗೇ ಆಗಲಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ಆಟಿಸಂ ಸೇರಿದೆ. ಆಸ್ತಿ ಹೊಂದುವ, ಹಣಕಾಸು ನೋಡಿಕೊಳ್ಳುವ ಸಮಾನ ಹಕ್ಕನ್ನೂ ಅದೇ ಕಾಯ್ದೆ ಕೊಟ್ಟಿದೆ. 18 ತುಂಬಿದ ಕೂಡಲೇ ಗಾರ್ಡಿಯನ್‌ಶಿಪ್ (ಅವರ ಪರವಾಗಿ ತೀರ್ಮಾನ ಮಾಡಲು ಕಾನೂನಿನ ಪ್ರಕಾರ ಒಬ್ಬರ ನೇಮಕ) ಮಾಡಿಸಲೇಬೇಕು ಅಂತೇನಿಲ್ಲ. ಕೆಲವರಿಗೆ ಅದು ಬೇಕಾಗುತ್ತೆ, ಖಂಡಿತ. ಆದರೆ ತಿಂಗಳಿಗೊಮ್ಮೆ ಪಕ್ಕ ಕೂತು ಪಾಸ್‌ಬುಕ್ ಓದಿದರೆ ಸಾಕಾಗುವವರಿಗೂ ಅದನ್ನೇ ಮಾಡಿಸಿದರೆ, ತಮ್ಮ ದುಡಿಮೆಯ ಮೇಲೆ ತಮ್ಮದೇ ಮಾತು ನಡೆಯದ ಹಾಗಾಗುತ್ತೆ.

[ತೆರೆಯ ಮೇಲೆ: ಕುಮಾರಕೃಪಾ ರಸ್ತೆ, ಚಿತ್ರಸಂತೆ]

ಬೆಂಗಳೂರಿನ ಚಿತ್ರಸಂತೆ, ಅಂದರೆ ವರ್ಷಕ್ಕೊಮ್ಮೆ ರಸ್ತೆಯಲ್ಲೇ ಚಿತ್ರ ಮಾರುವ ಮೇಳದ ಬಗ್ಗೆ ಒಂದು ಮಾತು. ಜನವರಿಯ ಆ ಭಾನುವಾರ ಚಿತ್ರಕಲಾ ಪರಿಷತ್ತಿನ ಮುಂದೆ ಕಾಲಿಡಲು ಜಾಗ ಇರಲ್ಲ. ಕಲಾವಿದರು ಇಡೀ ದಿನ ಅಲ್ಲೇ ಕೂರಬೇಕು ಅನ್ನೋದು ನಮ್ಮ ಹಟ, ಅಷ್ಟೇ. ಬೆಳಗ್ಗೆ ಜನ ಕಡಿಮೆ ಇರುವಾಗ ಒಂದೂವರೆ ಗಂಟೆ ಬಂದು ಹೋಗಲಿ. ಪ್ರತಿ ಚಿತ್ರದ ಮೇಲೂ ಬೆಲೆ ಚೀಟಿ, ಅವರ ಹೆಸರಿನ ಯುಪಿಐ ಕ್ಯೂಆರ್, ಶಬ್ದ ತಡೆಯುವ ಹೆಡ್‌ಫೋನ್ ಇರಲಿ. ಬ್ಯಾನರ್‌ನಲ್ಲಿ ಹೆಸರು, ಮಾಧ್ಯಮ ಇದ್ದರೆ ಸಾಕು. ಆಟಿಸಂ ಅಂತ ದಪ್ಪಕ್ಷರದಲ್ಲಿ ಹಾಕಬೇಕೋ ಬೇಡವೋ ಅಂತ ಅವರನ್ನೇ ಕೇಳಿ. ಕನಿಕರಕ್ಕೆ ಕೊಂಡವರು ಎರಡನೇ ಸಲ ಬರೋದು ಅಪರೂಪ.

[ತೆರೆಯ ಮೇಲೆ: ಎರಡು ಮೇಜು, ಆರು ಫೋಟೋ ಕಾರ್ಡ್]

ಈಗ ಮೆಂಟರಿಂಗ್, ಅಂದರೆ ಕಲಾವಿದರೊಬ್ಬರು ಜೊತೆಗಿದ್ದು ಹೊಸಬರಿಗೆ ಕಲಿಸೋದು. ಕಲಿಸುವವರೂ ಆಟಿಸಂ ಇರುವವರೇ ಆದಾಗ ಕೆಲವು ಅಡ್ಡಿಗಳು ಮೊದಲೇ ಇರಲ್ಲ. ಕಣ್ಣಲ್ಲಿ ಕಣ್ಣಿಟ್ಟು ನೋಡು ಅಂತ ಯಾರೂ ಒತ್ತಾಯಿಸಲ್ಲ, ಮೌನ ಯಾರಿಗೂ ಮುಜುಗರ ಅಲ್ಲ. ಆದರೂ ಕಲಾವಿದರಾದ ಮಾತ್ರಕ್ಕೆ ಕಲಿಸಲು ಬರುತ್ತೆ ಅಂತಲ್ಲ. ಮೊದಲ ತಿಂಗಳು ಒಬ್ಬರಿಗೆ ಒಬ್ಬರೇ, ವಾರಕ್ಕೆ ಒಂದೇ ತರಗತಿ, 45 ನಿಮಿಷ. ಮೇಜುಗಳು ಎದುರುಬದುರು ಬೇಡ, ಪಕ್ಕಪಕ್ಕ ಇರಲಿ. ಮೊದಲ 20 ನಿಮಿಷ ಇಬ್ಬರೂ ತಮ್ಮ ತಮ್ಮ ಚಿತ್ರ ಬಿಡಿಸುತ್ತಾರೆ, ಮಾತಿಲ್ಲ. ನಂತರ 15 ನಿಮಿಷ ಒಂದೇ ಒಂದು ತಂತ್ರ, ಉದಾಹರಣೆಗೆ ಒದ್ದೆ ಕಾಗದದ ಮೇಲೆ ಬಣ್ಣ ಹರಿಸೋದು. ಇದನ್ನು ಮಾತಲ್ಲಿ ವಿವರಿಸೋದಕ್ಕಿಂತ ಆರು ಹಂತದ ಫೋಟೋ ಕಾರ್ಡ್‌ಗಳಲ್ಲಿ ತೋರಿಸಿ. 300 ಜಿಎಸ್‌ಎಂ (ಚದರ ಮೀಟರ್‌ಗೆ 300 ಗ್ರಾಂ ತೂಗುವ) ದಪ್ಪ ಕಾಗದವನ್ನೇ ಕೊಡಿ. ತೆಳು ಕಾಗದ ಅಲೆಯಲೆಯಾಗಿ ಸುಕ್ಕುಗಟ್ಟುತ್ತೆ, ಕಲಿಯುವವರು ತಪ್ಪು ತಮ್ಮದು ಅಂದುಕೊಳ್ಳುತ್ತಾರೆ. ಕೊನೆಯ 10 ನಿಮಿಷ ಬ್ರಷ್ ತೊಳೆಯೋಕೆ. ಮುಗಿಯುವ ಹೊತ್ತು ಟೈಮರ್‌ನಲ್ಲಿ ಕಣ್ಣಿಗೆ ಕಾಣಲಿ.

ಕಲಿಯುವವರ ಕೈ ಹಿಡಿದು ಬಿಡಿಸಬಾರದು. ಚಿತ್ರ ಚೆನ್ನಾಗಿ ಬರಬಹುದು, ಆದರೆ ಅದು ಅವರದ್ದಾಗಿರಲ್ಲ, ಮುಟ್ಟಿದರೆ ಹಿಂಸೆಯಾಗುವವರೂ ಇರುತ್ತಾರೆ. ಪೋಷಕರು ಪಕ್ಕದಲ್ಲಿ ಕೂತು ಮಗುವಿನ ಪರವಾಗಿ ಉತ್ತರ ಕೊಡೋದೂ ಬೇಡ. ಕಾಣುವಷ್ಟು ದೂರದಲ್ಲಿ, ಬಾಗಿಲು ತೆರೆದ ಕೋಣೆಯಲ್ಲಿ ಇರಲಿ. ಪ್ರಶ್ನೆ ಕೇಳಿದ ಮೇಲೆ ಉತ್ತರಕ್ಕೆ 10 ಸೆಕೆಂಡಾದರೂ ಕಾಯಿರಿ.

ಮೆಂಟರ್‌ಗೆ ಸಂಬಳ ಬೇಕು. "ಅವರಿಗೂ ಖುಷಿ ಅಲ್ವಾ" ಅಂತ ಪುಕ್ಕಟೆ ಮಾಡಿಸುವವರೇ ಹೆಚ್ಚು, ಅದು ಸರಿಯಲ್ಲ. ಪಾಠದ ಮರುದಿನ ಬೇರೆ ಕೆಲಸ ಇಟ್ಟುಕೊಳ್ಳಬೇಡಿ, ಸುಸ್ತು ಒಂದು ದಿನ ತಡವಾಗಿ ಬರಬಹುದು. ಇಬ್ಬರಲ್ಲಿ ಯಾರಾದರೂ ಕೆಂಪು ಕಾರ್ಡ್ ತೋರಿಸಿದರೆ ತರಗತಿ ಅಲ್ಲಿಗೇ ನಿಲ್ಲುತ್ತೆ, ಕಾರಣ ಕೇಳೋ ಹಾಗಿಲ್ಲ. ಆ ದಿನದ ಶುಲ್ಕ ಮಾತ್ರ ಮೆಂಟರ್‌ಗೆ ಪೂರ್ತಿ ಸಲ್ಲಬೇಕು ಅಂತ ಮೊದಲ ದಿನವೇ ಬರೆದಿಟ್ಟುಕೊಳ್ಳಿ.