ಪಿಸ್ತೂಲಿನ ತೋಟಾಕ್ಕೆ ಮದ್ದನ್ನು ಆರಿಸುವ ಬಗೆ

ಮಾನ್ಯ ಸಭಿಕರೇ,

ಪಿಸ್ತೂಲಿನ ತೋಟಾಗಳನ್ನು ಸ್ವತಃ ತುಂಬಿಕೊಳ್ಳಲು ಹೊರಟವರು ಮೊದಲು ಕೇಳುವ ಪ್ರಶ್ನೆ, ಯಾವ ಮದ್ದು ಒಳ್ಳೆಯದು ಎಂಬುದು. ಅದಕ್ಕೆ ಒಂದು ಹೆಸರನ್ನು ತಟ್ಟನೆ ಹೇಳಿಬಿಡುವವರು ಬೇಕಾದಷ್ಟು ಮಂದಿ ಸಿಗುತ್ತಾರೆ. ನಾನು ಹೆಸರಿಗಿಂತ ಅಳತೆಗೋಲಿನ ಬಗ್ಗೆ ಮಾತನಾಡಬಯಸುತ್ತೇನೆ. ಹೆಚ್ಚು ವೇಗ ಕೊಡುವ ಮದ್ದಾಗಲಿ, ಕಡಿಮೆ ಖರ್ಚಿನ ಮದ್ದಾಗಲಿ ತಾನಾಗಿಯೇ ಉತ್ತಮವಾಗುವುದಿಲ್ಲ. ತುಂಬುವವನ ಕೈತಪ್ಪು ಕಣ್ಣಿಗೆ ಕಾಣುವಂತೆ ಮಾಡುವ ಮದ್ದೇ ಉತ್ತಮ ಎಂಬುದು ನನ್ನ ನಿಲುವು. ಯಾವ ತೋಟಾಕ್ಕೆ ಎಷ್ಟು ಮದ್ದು ಎಂಬ ಪ್ರಮಾಣವನ್ನು ಇಲ್ಲಿ ಹೇಳುವುದಿಲ್ಲ. ಅದನ್ನು ಮದ್ದಿನ ತಯಾರಕರು ಪ್ರಕಟಿಸುವ ಇತ್ತೀಚಿನ ಕೋಷ್ಟಕದಿಂದ ಓದಿಕೊಳ್ಳಬೇಕೇ ಹೊರತು ಯಾರ ಬಾಯಿಂದಲೂ ಕೇಳಿ ತಿಳಿಯಬಾರದು.

ಮದ್ದು ಉರಿಯುವ ರೀತಿ ತಿಳಿಯದೆ ಆಯ್ಕೆಯ ಮಾತು ಮುಂದುವರಿಯದು. 1846ರ ಸುಮಾರಿಗೆ ರಸಾಯನವಿಜ್ಞಾನಿ ಶೋನ್‌ಬೈನ್ ಬೆಳಕಿಗೆ ತಂದ ನೈಟ್ರೋಸೆಲ್ಯುಲೋಸ್ ಹತ್ತಿಯ ರೂಪದಲ್ಲಿದ್ದಾಗ ಎಷ್ಟು ರಭಸದಿಂದ ಉರಿಯುತ್ತಿತ್ತೆಂದರೆ, ಕೋವಿಗಳು ಅದನ್ನು ತಾಳಿಕೊಳ್ಳಲಾಗುತ್ತಿರಲಿಲ್ಲ. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೇಲ್ ಅದನ್ನು ದ್ರಾವಕದಲ್ಲಿ ಕಲಸಿ, ಗಟ್ಟಿ ಹಾಳೆಯಾಗಿ ಹಾಸಿ, ಸಣ್ಣ ಚೂರುಗಳಾಗಿ ಕತ್ತರಿಸಿದಾಗ ಉರಿ ಹತೋಟಿಗೆ ಬಂತು. ಕಣವು ಹೊರಮೈಯಿಂದ ಒಳಕ್ಕೆ ಪದರಪದರವಾಗಿ ಉರಿಯುತ್ತದೆ. ಆದ್ದರಿಂದ ಕಣದ ಗಾತ್ರ, ಆಕಾರ ಮತ್ತು ಮೇಲಿನ ಲೇಪನದಿಂದ ವೇಗವನ್ನು ನಿರ್ಧರಿಸಬಹುದು. ಮೂರು ವರ್ಷಗಳ ನಂತರ ಆಲ್‌ಫ್ರೆಡ್ ನೊಬೆಲ್ ನೈಟ್ರೋಗ್ಲಿಸರಿನ್ ಎಂಬ ಸ್ಫೋಟಕ ದ್ರವವನ್ನು ಬೆರೆಸಿದ ಬ್ಯಾಲಿಸ್ಟೈಟನ್ನು ತಯಾರಿಸಿದರು. ಇಂದಿನ ಪಿಸ್ತೂಲು ಮದ್ದುಗಳಲ್ಲಿ ಬಹುಪಾಲು ಈ ಎರಡನೆಯ ಕುಲಕ್ಕೆ ಸೇರಿದವು.

ಇಲ್ಲಿ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದ ಸಂಗತಿಯೊಂದಿದೆ. ಒತ್ತಡ ಏರಿದಂತೆ ಮದ್ದು ಉರಿಯುವ ವೇಗವೂ ಏರುತ್ತದೆ, ವೇಗ ಏರಿದಂತೆ ಒತ್ತಡ ಮತ್ತೆ ಏರುತ್ತದೆ; ಈ ನಿಯಮಕ್ಕೆ ವಿಯೇಲ್ ಅವರ ಹೆಸರೇ ಇದೆ. ಹಾಗಾಗಿ ಮದ್ದಿನ ಪ್ರಮಾಣ ಇಮ್ಮಡಿಯಾದರೆ ಒತ್ತಡ ಇಮ್ಮಡಿಯಾಗಿ ನಿಲ್ಲುವುದಿಲ್ಲ, ಅದನ್ನೂ ಮೀರಿ ಹೋಗುತ್ತದೆ.

ಪಿಸ್ತೂಲಿನ ನಳಿಗೆ ಗಿಡ್ಡ. ಗುಂಡು ಅದರೊಳಗೆ ಇರುವುದು ಒಂದು ಮಿಲಿಸೆಕೆಂಡಿನ ಆಸುಪಾಸು ಮಾತ್ರ, ಆದ್ದರಿಂದ ರೈಫಲಿನ ಮದ್ದಿಗಿಂತ ಬಹಳ ಬೇಗ ಉರಿಯುವ ಮದ್ದು ಇದಕ್ಕೆ ಬೇಕು. ಆದರೆ ಪಿಸ್ತೂಲು ಮದ್ದುಗಳಲ್ಲೇ ಶೀಘ್ರ, ಮಧ್ಯಮ, ನಿಧಾನ ಎಂಬ ಅಂತರಗಳಿವೆ. ಅಮೆರಿಕದಲ್ಲಿ ಮದ್ದುಗುಂಡುಗಳ ಮಾನಕಗಳನ್ನು ಗೊತ್ತುಪಡಿಸುವ ಸ್ಯಾಮಿ ಸಂಸ್ಥೆಯ ಪ್ರಕಾರ .38 ಸ್ಪೆಷಲ್ ತೋಟಾದ ಗರಿಷ್ಠ ಒತ್ತಡ ಚದರ ಇಂಚಿಗೆ 17,000 ಪೌಂಡ್, .45 ಎಸಿಪಿಗೆ 21,000, 9 ಮಿ.ಮೀ. ಲ್ಯೂಗರಿಗೂ .357 ಮ್ಯಾಗ್ನಮ್‌ಗೂ 35,000. ಕಡಿಮೆ ಒತ್ತಡದ ತೋಟಾಕ್ಕೆ ನಿಧಾನದ ಮದ್ದನ್ನು ಹಾಕಿದರೆ ಅದು ಸರಿಯಾಗಿ ಹತ್ತಿಕೊಳ್ಳುವಷ್ಟು ಒತ್ತಡವೇ ಹುಟ್ಟುವುದಿಲ್ಲ; ಅರೆಬೆಂದ ಕಣಗಳು ನಳಿಗೆಯಲ್ಲಿ ಉಳಿಯುತ್ತವೆ, ಗುಂಡಿನಿಂದ ಗುಂಡಿಗೆ ವೇಗ ಏರುಪೇರಾಗುತ್ತದೆ. ಭಾರದ ಗುಂಡಿನ, ಹೆಚ್ಚು ಬಲದ ಮ್ಯಾಗ್ನಮ್ ತೋಟಾಕ್ಕೆ ಶೀಘ್ರದ ಮದ್ದನ್ನು ಹಾಕಿದರೆ, ಬೇಕಾದ ವೇಗ ಬರುವ ಮೊದಲೇ ಒತ್ತಡ ಮಿತಿಯನ್ನು ಮುಟ್ಟಿರುತ್ತದೆ. ದಹನವೇಗದ ಪಟ್ಟಿಗಳು ಈ ಸ್ಥೂಲ ಹೊಂದಾಣಿಕೆಗೆ ನೆರವಾಗುತ್ತವೆ, ಅಷ್ಟೇ. ಅವು ಬರೀ ಅನುಕ್ರಮವನ್ನು ಹೇಳುತ್ತವೆ. ಅಕ್ಕಪಕ್ಕದ ಎರಡು ಮದ್ದುಗಳ ನಡುವಿನ ಅಂತರವನ್ನು ಹೇಳುವುದಿಲ್ಲ. ಪಟ್ಟಿಯಲ್ಲಿ ನೆರೆಹೊರೆಯವು ಎಂಬ ಕಾರಣಕ್ಕೆ ಒಂದರ ಪ್ರಮಾಣವನ್ನು ಇನ್ನೊಂದಕ್ಕೆ ಬಳಸುವುದು ಅಪಾಯಕ್ಕೆ ಆಹ್ವಾನ.

ಈಗ ನನ್ನ ನಿಲುವಿನ ಕಾರಣಕ್ಕೆ ಬರುತ್ತೇನೆ. .38 ಸ್ಪೆಷಲ್ ತೋಟಾ ಹುಟ್ಟಿದ್ದು 1898ರಲ್ಲಿ, ಹೊಗೆ ಹೆಚ್ಚು ಉಗುಳುವ ಹಳೆಯ ಕರಿಮದ್ದಿನ ಕಾಲದ ಕೊನೆಯಲ್ಲಿ. ಜಾಗ ಹೆಚ್ಚು ತಿನ್ನುವ ಕರಿಮದ್ದಿಗೆಂದು ಮಾಡಿದ ಅದರ ಕೇಸ್, ಅಂದರೆ ಮದ್ದು ತುಂಬುವ ಲೋಹದ ಕೊಳವೆ, ಉದ್ದವಾಗಿದೆ. ಅದೇ ವರ್ಷ ಮಾರುಕಟ್ಟೆಗೆ ಬಂದು ಇಂದಿಗೂ ಸಿಗುತ್ತಿರುವ ಬುಲ್ಸ್‌ಐ ಎಂಬ ಶೀಘ್ರದ ಮದ್ದನ್ನು ಗುರಿಯ ಅಭ್ಯಾಸಕ್ಕೆಂದು ಈ ಕೇಸಿಗೆ ಹಾಕಿದರೆ, ಅದು ತಳದಲ್ಲಿ ತೆಳ್ಳಗೆ ಕುಳಿತುಬಿಡುತ್ತದೆ. ನಿಖರತೆಯಲ್ಲಿ ಆ ಜೋಡಿಗೆ ಒಳ್ಳೆಯ ಹೆಸರಿದೆ, ನಾನೂ ಅದನ್ನು ಒಪ್ಪುತ್ತೇನೆ. ಆದರೆ ತೋಟಾ ತುಂಬುವ ಯಂತ್ರವಾದ ಪ್ರೆಸ್ಸಿನ ಹಿಡಿಯನ್ನು ಒತ್ತುವಾಗ ಗಮನ ಒಂದು ಕ್ಷಣ ಬೇರೆಡೆ ಹರಿದು ಅದೇ ಕೇಸಿಗೆ ಎರಡನೆಯ ಸಲ ಮದ್ದು ಬಿದ್ದರೆ, ಆ ಕೇಸ್ ಆಗಲೂ ಅರ್ಧಕ್ಕಿಂತ ಹೆಚ್ಚು ಖಾಲಿಯೇ ಕಾಣುತ್ತದೆ. ಅದರ ಮೇಲೆ ಗುಂಡು ಕೂರುತ್ತದೆ, ತೋಟಾ ಹೊರಗಿನಿಂದ ಉಳಿದವುಗಳಂತೆಯೇ ಇರುತ್ತದೆ. ಕುದುರೆ ಎಳೆದಾಗ ಮಾತ್ರ ವ್ಯತ್ಯಾಸ ತಿಳಿಯುತ್ತದೆ. ಅಷ್ಟರಲ್ಲಿ ರಿವಾಲ್ವರಿನ ಸಿಲಿಂಡರು ಸೀಳಿರಬಹುದು.

ಇದಕ್ಕೆ ಬದಲಾಗಿ, ಒಂದೇ ಅಳತೆಗೆ ಕೇಸಿನ ಅರ್ಧಕ್ಕಿಂತ ಹೆಚ್ಚು ಜಾಗವನ್ನು ತುಂಬುವ ಉಬ್ಬು ಮದ್ದನ್ನು ಆರಿಸಿಕೊಂಡರೆ ಎರಡನೆಯ ಅಳತೆ ಬಿದ್ದಾಗ ಅದು ಕೇಸಿನಿಂದ ಚೆಲ್ಲಿ ಮೇಜಿನ ಮೇಲೆ ಹರಡುತ್ತದೆ. ಎಷ್ಟೇ ದಣಿದವರಾದರೂ ಅದನ್ನು ಗಮನಿಸದೆ ಇರಲಾರರು. ಇದರ ವಿರುದ್ಧದ ತಪ್ಪಿಗೂ ಇದೇ ಗುಣ ನೆರವಾಗುತ್ತದೆ: ಮದ್ದೇ ಬೀಳದ ಕೇಸಿನಲ್ಲಿ ಮದ್ದಿಗೆ ಕಿಡಿ ಹೊತ್ತಿಸುವ ಪ್ರೈಮರಿನ ಬಲ ಒಂದರಿಂದಲೇ ಗುಂಡು ನಳಿಗೆಯ ನಡುವೆ ಸಿಕ್ಕಿಕೊಳ್ಳಬಹುದು, ಅದರ ಹಿಂದೆ ಮುಂದಿನ ಗುಂಡನ್ನು ಹಾರಿಸಿದರೆ ನಳಿಗೆ ಒಡೆಯಬಹುದು. ತುಂಬಿದ ಕೇಸುಗಳ ಸಾಲಿನಲ್ಲಿ ಖಾಲಿ ಕೇಸ್ ಎದ್ದು ಕಾಣುತ್ತದೆ. ಇನ್ನೊಂದು ಲಾಭವೂ ಇದೆ. ಕೇಸಿನೊಳಗೆ ಖಾಲಿ ಜಾಗ ಹೆಚ್ಚಿದ್ದರೆ, ಪಿಸ್ತೂಲನ್ನು ಕೆಳಮುಖವಾಗಿ ಹಿಡಿದು ಎತ್ತಿದಾಗ ಮದ್ದು ಗುಂಡಿನ ಕಡೆ ಸರಿದಿರುತ್ತದೆ, ಮೇಲ್ಮುಖದಿಂದ ಇಳಿಸಿದಾಗ ಪ್ರೈಮರಿನ ಕಡೆ. ಎರಡು ಸಂದರ್ಭಗಳಲ್ಲೂ ಹತ್ತಿಕೊಳ್ಳುವ ರೀತಿ ಬೇರೆಯಾಗಿ ವೇಗವೂ ಬೇರೆಯಾಗುತ್ತದೆ. ಹೆಚ್ಚು ತುಂಬಿದ ಕೇಸಿನಲ್ಲಿ ಈ ಅಲೆದಾಟಕ್ಕೆ ಅವಕಾಶ ಕಡಿಮೆ. ಟೈಟ್‌ಗ್ರೂಪಿನಂಥ ಕೆಲವು ಮದ್ದುಗಳನ್ನು ಸ್ಥಾನಭೇದದ ಪರಿಣಾಮ ಕಡಿಮೆಯಾಗುವಂತೆಯೇ ರೂಪಿಸಿದ್ದಾರೆ ಎಂಬುದು ನಿಜ. ಆದರೆ ಅದೂ ಜಾಗ ಕಡಿಮೆ ತಿನ್ನುವ ಮದ್ದೇ ಆದ್ದರಿಂದ, ಇಮ್ಮಡಿ ಅಳತೆಯ ಭಯ ಅದರಿಂದ ತಪ್ಪುವುದಿಲ್ಲ.

9 ಮಿ.ಮೀ. ತೋಟಾದ ಕತೆ ಬೇರೆ. ಅದರ ಕೇಸ್ ಚಿಕ್ಕದು, ಒತ್ತಡ ಹೆಚ್ಚು. ಗುಂಡನ್ನು ತುಸು ಹೆಚ್ಚು ಆಳಕ್ಕೆ ಕೂರಿಸಿದರೂ, ಅಥವಾ ಪಿಸ್ತೂಲಿನಲ್ಲಿ ತೋಟಾ ಕೂರುವ ಕೋಣೆಗೆ ನುಗ್ಗುವಾಗ ಗುಂಡು ಒಳಕ್ಕೆ ಸರಿದರೂ, ಒಳಗಿನ ಜಾಗ ಕುಗ್ಗಿ ಒತ್ತಡ ಗಣನೀಯವಾಗಿ ಏರುತ್ತದೆ. ಗರಿಷ್ಠ ಮಿತಿಯ ಬಳಿ ಶೀಘ್ರದ ಮದ್ದನ್ನು ಬಳಸುವವರಿಗೆ ಇಲ್ಲಿ ತಪ್ಪಿಗೆ ಎಡೆಯೇ ಇಲ್ಲ. ಮಧ್ಯಮ ವೇಗದ ಮದ್ದು ಈ ತೋಟಾಕ್ಕೆ ಹೆಚ್ಚು ಸಮಾಧಾನದ ಆಯ್ಕೆ. ಸ್ಪರ್ಧೆಯಲ್ಲಿ ಭಾಗವಹಿಸುವವರ ಲೆಕ್ಕ ಮಾತ್ರ ಸ್ವಲ್ಪ ಭಿನ್ನ: ಗ್ರೇನ್ ಎಂಬ ಚಿಕ್ಕ ತೂಕದ ಮಾನದಲ್ಲಿ ಗುಂಡಿನ ತೂಕವನ್ನು ಸೆಕೆಂಡಿಗೆ ಅಡಿಗಳ ವೇಗದಿಂದ ಗುಣಿಸಿ 1,000ದಿಂದ ಭಾಗಿಸಿದಾಗ ಅಂತರರಾಷ್ಟ್ರೀಯ ಗುರಿಗಾರಿಕೆ ಒಕ್ಕೂಟವಾದ ಐಪಿಎಸ್‌ಸಿ ಪಂದ್ಯಗಳ ಕೆಳ ವರ್ಗಕ್ಕೆ ಕನಿಷ್ಠ 125 ಬರಬೇಕು. 147 ಗ್ರೇನಿನ ಗುಂಡಿಗೆ ಅಲ್ಲಿ 860 ಅಡಿಯಷ್ಟು ವೇಗ ಸಾಕಾಗುವುದರಿಂದ, ಮದ್ದಿನ ತೂಕ ಕಡಿಮೆಯಾಗಿ ಒದೆತವೂ ಮೃದುವಾಗಲೆಂದು ಅವರು ಶೀಘ್ರದ ಮದ್ದಿನತ್ತ ವಾಲುತ್ತಾರೆ. ಅದೇ ಪಂದ್ಯದಲ್ಲಿ ಅನಿಲವನ್ನು ಮೇಲಕ್ಕೆ ಹಾಯಿಸಿ ಪಿಸ್ತೂಲಿನ ನೆಗೆತ ತಗ್ಗಿಸುವ ಕಾಂಪೆನ್ಸೇಟರನ್ನು ನಳಿಗೆಯ ತುದಿಗೆ ಜೋಡಿಸಿಕೊಂಡವರು ಅನಿಲ ಹೆಚ್ಚು ಬೇಕೆಂದು ನಿಧಾನದ ಮದ್ದನ್ನು ಕೇಳುತ್ತಾರೆ.

ಗರಿಷ್ಠದಿಂದ ಹತ್ತು ಪ್ರತಿಶತ ಕೆಳಗಿನಿಂದ ಆರಂಭಿಸಿ ಮೇಲೇರಬೇಕೆಂಬ ಹಳೆಯ ನಿಯಮ ಒಳ್ಳೆಯದೇ, ಆದರೆ ಎಲ್ಲೆಡೆ ಅನ್ವಯಿಸುವುದಿಲ್ಲ. ಎಚ್110 ಮತ್ತು ಡಬ್ಲ್ಯು296 ಎಂಬ ಎರಡು ಹೆಸರುಗಳಲ್ಲಿ ಮಾರಾಟವಾಗುವ ಒಂದೇ ಮದ್ದನ್ನು ತೆಗೆದುಕೊಳ್ಳಿ. ಭಾರದ ಗುಂಡಿನ ಮ್ಯಾಗ್ನಮ್ ತೋಟಾಗಳಲ್ಲಿ ಅದಕ್ಕೆ ಸಾಟಿ ಕಡಿಮೆ; ಆದರೆ ಅದಕ್ಕೆ ಬಹುತೇಕ ತುಂಬಿದ ಕೇಸ್, ಬಲವಾದ ಪ್ರೈಮರ್, ಗುಂಡನ್ನು ಬಿಗಿಯಾಗಿ ಹಿಡಿದಿಡುವಂತೆ ಕೇಸಿನ ಬಾಯಿಗೆ ಹಾಕಿದ ಮಡಿಕೆ ಎಲ್ಲವೂ ಬೇಕು. ಎಚ್ಚರಿಕೆಯೆಂದು ಪ್ರಮಾಣವನ್ನು ಇಳಿಸಿದರೆ ಉರಿ ನಡುವೆಯೇ ನಂದಿ ಗುಂಡು ನಳಿಗೆಯಲ್ಲಿ ನಿಂತುಬಿಡಬಹುದು. ಮೃದುವಾದ ತೋಟಾ ಬೇಕೆನ್ನುವವರು ಈ ಮದ್ದನ್ನು ಕಡಿಮೆ ಮಾಡುವ ಬದಲು ಮದ್ದನ್ನೇ ಬದಲಿಸಬೇಕು.

ಉಬ್ಬು ಮದ್ದಿನ ಮೇಲೆ ಒಂದು ಆಕ್ಷೇಪಣೆಯಿದೆ, ಅದು ನ್ಯಾಯವಾದದ್ದೂ ಹೌದು. ಯೂನೀಕ್‌ನಂಥ ದೊಡ್ಡ ಚಕ್ಕೆಗಳ ಮದ್ದು ಅಳತೆಯ ಸಾಧನದಲ್ಲಿ ಸರಾಗವಾಗಿ ಇಳಿಯುವುದಿಲ್ಲ. ಸಣ್ಣ ಗೋಲಿಗಳಂಥ ಕಣಗಳ ಮದ್ದು ನೀರಿನಂತೆ ಹರಿದು ಪ್ರತಿ ಸಲವೂ ಒಂದೇ ತೂಕಕ್ಕೆ ಬೀಳುತ್ತದೆ. ಒಂದು ಗ್ರೇನ್ ಎಂದರೆ ಸುಮಾರು 65 ಮಿಲಿಗ್ರಾಂ. ಅದರ ಹತ್ತನೆಯ ಒಂದು ಭಾಗದ ಏರುಪೇರು ಗುರಿಹಲಗೆಯ ಮೇಲೆ ಬಹುತೇಕರಿಗೆ ಕಾಣುವುದೂ ಇಲ್ಲ. ಮಿತಿಯಿಂದ ದೂರದಲ್ಲಿ ತುಂಬುವವರು ಆ ಏರುಪೇರನ್ನು ಸಹಿಸಿಕೊಂಡು ಕಣ್ಣಿಗೆ ಕಾಣುವ ಮದ್ದನ್ನೇ ಇಟ್ಟುಕೊಳ್ಳುವುದು ಲೇಸು ಎಂದು ನನ್ನ ಅಭಿಪ್ರಾಯ. ಖರ್ಚಿನ ವಾದಕ್ಕೆ ಹೆಚ್ಚು ಮಾತು ಬೇಕಿಲ್ಲ. ಒಂದು ಪೌಂಡಿನಲ್ಲಿ 7,000 ಗ್ರೇನುಗಳಿವೆ. ಲೆಕ್ಕಕ್ಕೆಂದು ತೋಟಾಕ್ಕೆ 5 ಗ್ರೇನ್ ಹಿಡಿದರೂ 1,400 ತೋಟಾಗಳಾಗುತ್ತವೆ. ಗುಂಡು ಮತ್ತು ಪ್ರೈಮರುಗಳ ವೆಚ್ಚದ ಮುಂದೆ ಮದ್ದಿನ ಉಳಿತಾಯ ದೊಡ್ಡದಲ್ಲ. ಮಸಿ, ಹೊಗೆ, ನಳಿಗೆಯ ತುದಿಯ ಬೆಂಕಿ ಇವೆಲ್ಲ ರುಚಿಯ ವಿಷಯಗಳು.

ಒತ್ತಡ ಮೀರಿದರೆ ಪ್ರೈಮರ್ ಚಪ್ಪಟೆಯಾಗಿ ತಿಳಿಸುತ್ತದೆ ಎಂದು ನಂಬಿರುವವರಿಗೆ ಒಂದು ಮಾತು. ಪ್ರೈಮರ್ ಚಪ್ಪಟೆಯಾಗುವಷ್ಟು ಒತ್ತಡ .38 ಸ್ಪೆಷಲ್ ಅಥವಾ .45 ಎಸಿಪಿಯಲ್ಲಿ ಕಂಡರೆ, ಮಿತಿ ಎಂದೋ ದಾಟಿರುತ್ತದೆ. ಆದ್ದರಿಂದ ಪ್ರಕಟಿತ ಕೋಷ್ಟಕದಲ್ಲಿ ತಮ್ಮದೇ ತೂಕದ, ತಮ್ಮದೇ ಬಗೆಯ ಗುಂಡಿಗೆ ಅಂಕಿಗಳಿರುವ ಮದ್ದನ್ನು ಮಾತ್ರ ಕೊಳ್ಳಬೇಕು. ಹೆಸರಿನ ಹೋಲಿಕೆಯನ್ನೂ ನಂಬುವಂತಿಲ್ಲ: ಎಚ್‌ಪಿ-38 ಮತ್ತು 231 ಹೆಸರಿನಲ್ಲಿ ಬೇರೆಯಾದರೂ ಒಂದೇ ಮದ್ದು, ರೈಫಲಿನ ಐಎಂಆರ್ 4350 ಮತ್ತು ಎಚ್4350 ಒಂದೇ ಸಂಖ್ಯೆ ಹೊತ್ತರೂ ಬೇರೆ ಬೇರೆ ಮದ್ದುಗಳು.

ಮೇಜಿನ ಮೇಲೆ ಒಂದು ಸಲಕ್ಕೆ ಒಂದೇ ಡಬ್ಬಿ ಇರಲಿ, ಉಳಿದ ಮದ್ದು ಅದರ ಮೂಲ ಡಬ್ಬಿಗೇ ಹಿಂದಿರುಗಲಿ. ಹುಳಿವಾಸನೆ ಬೀರುವ, ಕೆಂಗಂದು ಹೊಗೆಯಾಡುವ ಮದ್ದು ಕೆಟ್ಟಿದೆ ಎಂದರ್ಥ. ಚೀಟಿಯಿಲ್ಲದ ಡಬ್ಬಿಯ ಮದ್ದನ್ನು ಬಣ್ಣ, ಆಕಾರ ನೋಡಿ ಗುರುತಿಸಲು ಯಾರಿಂದಲೂ ಆಗದು. ಮೆಚ್ಚಿದ ಮದ್ದಿನ ಹೊಸ ಡಬ್ಬಿ ಬೇರೆ ತಯಾರಿಕೆಯ ಕಂತಿನದ್ದಾದರೆ ಅದರ ವೇಗ ತುಸು ಬೇರೆಯಿರಬಹುದು; ಹಾಗಾಗಿ ಮಿತಿಯ ಬಳಿ ತುಂಬುವವರು ಕೋಷ್ಟಕದ ಆರಂಭದ ಪ್ರಮಾಣಕ್ಕೆ ಇಳಿದು, ವೇಗಮಾಪಕ ಇಟ್ಟುಕೊಂಡು ಮತ್ತೆ ಮೆಟ್ಟಿಲು ಮೆಟ್ಟಿಲಾಗಿ ಏರಬೇಕಾಗುತ್ತದೆ.